ಚಳಿಗೊಂದು ಕೆಲಸ

ಮನೆಯಲ್ಲೇ ಬಿಯರ್ ಮಾಡ್ತೀನಿ ಅಂತ ಹೊರಟವರಿಗೆ ಹಳಬರು ಹೇಳುವ ಮೊದಲ ಬುದ್ಧಿಮಾತು ಒಂದೇ: ಲಾಗರ್ ತಂಟೆಗೆ ಹೋಗಬೇಡಿ, ಏಲ್ ಮಾಡಿ. ಎರಡೂ ಬಿಯರಿನ ಬಗೆಗಳೇ. ಏಲ್ ಆದರೆ ಮನೆಯೊಳಗಿನ ಮಾಮೂಲಿ ಬಿಸಿಯಲ್ಲೇ, 18ರಿಂದ 22 ಡಿಗ್ರಿಯಲ್ಲಿ, ಹುದುಗುತ್ತದೆ. ಒಂದು ತಿಂಗಳೊಳಗೆ ಗ್ಲಾಸಿಗೆ ಬರುತ್ತದೆ. ಎಲ್ಲೋ ಸ್ವಲ್ಪ ಹೆಚ್ಚುಕಡಿಮೆಯಾದರೂ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವು) ವಾಸನೆಯೋ ಹುರಿದ ಮಾಲ್ಟಿನ ರುಚಿಯೋ ಅದನ್ನು ಮುಚ್ಚಿಬಿಡುತ್ತದೆ. ಪೇಲ್ ಲಾಗರ್, ಅಂದರೆ ತಿಳಿ ಬಣ್ಣದ ಲಾಗರ್, ಹಾಗಲ್ಲ. ಅದಕ್ಕೆ 10 ಡಿಗ್ರಿ ಆಸುಪಾಸಿನ ತಂಪು ಬೇಕು, ಎರಡು ಪಟ್ಟು ಯೀಸ್ಟ್ ಬೇಕು, ಆಮೇಲೆ ಸೊನ್ನೆಯ ಹತ್ತಿರ ವಾರಗಟ್ಟಲೆ ಸುಮ್ನೆ ಇಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಅದರಲ್ಲಿ ತಪ್ಪನ್ನು ಮುಚ್ಚಿಡುವಂಥ ರುಚಿ ಯಾವುದೂ ಇಲ್ಲ.

ಬುದ್ಧಿಮಾತು ಸರಿಯೇ. ಆದರೆ ಅದನ್ನು ಹೇಳುವವರು ಹೆಚ್ಚಾಗಿ ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಕಡೆಯವರು. ಲಾಗರ್ ಮಾಡಲು ಅವರು ಒಂದು ಫ್ರಿಜ್ ಕೊಳ್ಳಬೇಕು. ನಾನಿರುವುದು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ. ಇಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಇಡೀ ಊರೇ ಫ್ರಿಜ್. ಜನವರಿಯಲ್ಲಿ ಮೈನಸ್ 20 ಆಗುವುದು ದೊಡ್ಡ ಸುದ್ದಿಯೇನಲ್ಲ. ಹಾಸನದ ಕಡೆಯ ನಾನು ಇಲ್ಲಿಗೆ ಬಂದಾಗಿನಿಂದ ಈ ಚಳಿಯನ್ನು ಬೈದುಕೊಂಡೇ ಇದ್ದೇನೆ. ಬೈಯುವುದರ ಜೊತೆಗೆ ಅದರಿಂದ ಏನಾದರೂ ಕೆಲಸ ತೆಗೆಯಬಹುದಲ್ವಾ ಅನ್ನಿಸಿದ್ದೇ ಈ ಲಾಗರ್ ಹುಚ್ಚಿಗೆ ಮೂಲ.

ಇನ್ನೊಂದು ಕಾರಣವೂ ಇದೆ. ಬೆಂಗಳೂರಿನಲ್ಲಿ ಓದಿದ ನನ್ನ ಕಾಲದವರಿಗೆ ಬಿಯರ್ ಅಂದರೆ ಕಿಂಗ್‌ಫಿಷರ್. ಬಂಗಾರದ ಬಣ್ಣ, ಬಿಳಿ ನೊರೆ, ಬಾಟಲಿ ಮೇಲೆ ನೀರು ಇಳಿಯುವಷ್ಟು ತಂಪು. ಅದೂ ಪೇಲ್ ಲಾಗರೇ. ಥಾಮಸ್ ಲೀಶ್‌ಮನ್ ಎಂಬಾತ 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್, ಆಮೇಲೆ ವಿಠಲ್ ಮಲ್ಯ ಕೈಗೆ ಬಂತು. ಕಿಂಗ್‌ಫಿಷರ್ ಮಾರುಕಟ್ಟೆಗೆ ಬಂದದ್ದು 1978ರಲ್ಲಿ. ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳು ಶುರುವಾಗಿ ಜನ ಗೋಧಿ ಬಿಯರ್, ಸ್ಟೌಟ್ ಅಂತೆಲ್ಲ ಮಾತಾಡಲು ಕಲಿಯುವ ಹೊತ್ತಿಗೆ ನಾನು ಊರು ಬಿಟ್ಟಾಗಿತ್ತು. ಹಾಗಾಗಿ ನನಗೆ ಮಾಡಬೇಕೆನ್ನಿಸಿದ್ದು ನಾನು ಕುಡಿಯುವ ಬಿಯರನ್ನೇ. ಇಷ್ಟವಿಲ್ಲದ ಏಲನ್ನು ಅಭ್ಯಾಸಕ್ಕೆ ಅಂತ ಐದು ಗ್ಯಾಲನ್ ಮಾಡಿ, ಅದನ್ನು ಖಾಲಿ ಮಾಡುವವರು ಯಾರು?

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನ ಗೆಳೆಯರು ಕೇಳುವ ಮೊದಲ ಪ್ರಶ್ನೆಯೇ ಅದು. ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಹೋಯಿತು. ಮನೆಯಲ್ಲಿ ವೈನ್ ಮಾಡಿಕೊಳ್ಳಲು ಆಗಲೇ ಅವಕಾಶ ಸಿಕ್ಕಿತು, ಬಿಯರ್‌ಗೆ ಸಿಗಲಿಲ್ಲ. ಅದಕ್ಕೆ 1978ರವರೆಗೆ ಕಾಯಬೇಕಾಯಿತು. ಆ ಅಕ್ಟೋಬರ್‌ನಲ್ಲಿ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅದರ ಕಾನೂನಿಗೆ ಸಹಿ ಹಾಕಿದ ಮೇಲೆ, ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಜಾಸ್ತಿ ಇದ್ದರೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ, ಅಷ್ಟೇ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಜಯನಗರದ ಬಾಲ್ಕನಿಯಲ್ಲಿ ಬಕೆಟ್ ಇಡುವ ಯೋಚನೆ ಇದ್ದವರು ಇದನ್ನು ಸುಮ್ನೆ ಓದಿ ಬಿಡಿ.

ಸಾಮಾನಿನ ಪಟ್ಟಿ ನೋಡಿದರೆ ಪೇಲ್ ಲಾಗರ್‌ನಷ್ಟು ಸರಳವಾದದ್ದು ಇನ್ನೊಂದಿಲ್ಲ. 19 ಲೀಟರ್ ಬಿಯರ್‌ಗೆ ಸುಮಾರು 4.5 ಕಿಲೋ ಪಿಲ್ಸ್‌ನರ್ ಮಾಲ್ಟ್. ಚೆಕ್ ನಾಡಿನ ಸಾಟ್ಸ್ ಹಾಪ್ಸ್ ಒಂದು 100 ಗ್ರಾಂ. ಎರಡು ಪ್ಯಾಕೆಟ್ ಒಣ ಯೀಸ್ಟ್. ನೀರು. ಮುಗಿಯಿತು.

ಮಾಲ್ಟ್ ಅಂದರೇನು ಅಂತ ನಮ್ಮವರಿಗೆ ಜಾಸ್ತಿ ವಿವರಿಸಬೇಕಿಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿ ಮಗುವಿಗೆ ಮಾಲ್ಟ್ ಮಾಡುವುದಿಲ್ಲವೇ, ಬಾರ್ಲಿಗೂ ಅದೇ ಉಪಚಾರ. ಮೊಳಕೆಯೊಡೆಯುವಾಗ ಕಾಳಿನೊಳಗೆ ಗಂಜಿಯನ್ನು ಸಕ್ಕರೆ ಮಾಡುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಅವು ಸಾಯದಷ್ಟು ಹದವಾದ ಬಿಸಿಯಲ್ಲಿ ಒಣಗಿಸಿದರೆ ತಿಳಿ ಬಣ್ಣದ ಮಾಲ್ಟ್ ಸಿಗುತ್ತದೆ. ಅಂಗಡಿಯಲ್ಲಿ ಕಾಳನ್ನು ಅಲ್ಲೇ ಒಡೆಸಿಕೊಂಡು ಬರಬಹುದು. ಚೀಲ ಬಿಚ್ಚಿದರೆ ಹುರಿಹಿಟ್ಟಿನ ವಾಸನೆ.

ನೀರಿನ ಕಥೆ ಬೇರೆ. ಮ್ಯಾಡಿಸನ್‌ನ ನಲ್ಲಿ ನೀರು ಆಳದ ಬಾವಿಗಳಿಂದ ಬರುತ್ತದೆ, ವಿಪರೀತ ಗಡಸು. ತೊಗರಿಬೇಳೆ ಬೇಗ ಬೇಯುವುದಿಲ್ಲ, ಕೆಟಲ್ ತಳದಲ್ಲಿ ಸುಣ್ಣ ಕಟ್ಟುತ್ತದೆ. ಪೇಲ್ ಲಾಗರ್ ಹುಟ್ಟಿದ, ಈಗಿನ ಚೆಕ್ ನಾಡಿನ ಬೊಹೀಮಿಯಾದ ಪಿಲ್ಸೆನ್ ಊರಿನ ನೀರು ಇದಕ್ಕೆ ಪೂರಾ ಉಲ್ಟಾ, ಮಳೆನೀರಿನಷ್ಟು ಮೆದು. ಆ ಊರಿನ ಕಥೆ ನನಗೆ ಬಹಳ ಇಷ್ಟ. 1838ರಲ್ಲಿ ಅಲ್ಲಿನ ಜನ ತಮ್ಮೂರ ಬಿಯರ್ ಕೆಟ್ಟದಾಗಿದೆ ಅಂತ ಸಿಟ್ಟಿಗೆದ್ದು 36 ಪೀಪಾಯಿ ಬಿಯರನ್ನು ಪುರಭವನದ ಎದುರು ಚೆಲ್ಲಿಬಿಟ್ಟರು. ಚೆಲ್ಲಿ ಸುಮ್ಮನಾಗಲಿಲ್ಲ. ಎಲ್ಲರೂ ಸೇರಿ ಹೊಸ ಬ್ರೂವರಿ ಕಟ್ಟಿ, ಜರ್ಮನಿಯ ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಬ್ರೂವರ್‌ನನ್ನು ಕರೆಸಿದರು. 1842ರ ಅಕ್ಟೋಬರ್ 5ರಂದು ಅವನು ಮೊದಲ ಹಂಡೆ ಕುದಿಸಿದ. ಬವೇರಿಯಾದ ತಂಪಿನ ಯೀಸ್ಟ್, ಹೊಸ ರೀತಿ ಒಣಗಿಸಿದ ತಿಳಿ ಮಾಲ್ಟ್, ಸಾಟ್ಸ್ ಹಾಪ್ಸ್, ಆ ಮೆದು ನೀರು. ನವೆಂಬರ್ 11ರಂದು ಪೀಪಾಯಿ ತೆರೆದಾಗ ಬಂದದ್ದು ಬಂಗಾರದ ಬಣ್ಣದ ಬಿಯರ್. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಕುಡಿಯುವ ಬಿಯರ್‌ಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳು, ನಮ್ಮ ಕಿಂಗ್‌ಫಿಷರ್ ಸೇರಿ.

ಗಡಸು ನೀರಿನಲ್ಲಿ ತಿಳಿ ಬಿಯರ್ ಮಾಡಿದರೆ ಕಹಿ ಒರಟಾಗಿ ಬಾಯಲ್ಲಿ ಉಳಿಯುತ್ತದೆ. ಹಾಗಾಗಿ ಸೂಪರ್‌ಮಾರ್ಕೆಟ್‌ನಿಂದ ಆರ್‌ಓ ನೀರು ತುಂಬಿಸಿಕೊಂಡು ಬರಬೇಕು. 19 ಲೀಟರ್ ಬಿಯರ್ ಬೇಕಾದರೆ ಸುಮಾರು 30 ಲೀಟರ್ ನೀರಿನಿಂದ ಶುರುಮಾಡಬೇಕಾಗುತ್ತದೆ. ಕಾಳು ಸ್ವಲ್ಪ ಕುಡಿಯುತ್ತದೆ, ಆವಿಯಾಗಿ ಸ್ವಲ್ಪ ಹೋಗುತ್ತದೆ. ಅಷ್ಟು ನೀರು ಹೊತ್ತು ತರುವಾಗ ಕೊಡಗಟ್ಟಲೆ ನೀರು ಹೊತ್ತ ನಮ್ಮಜ್ಜಿಯ ನೆನಪಾಯಿತು. ನೀರಿಗೆ ಒಂದು ಚಿಕ್ಕ ಚಮಚ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಸಾಕು.

ಕುದಿಸುವ ದಿನದ ಕೆಲಸ ಅಡುಗೆ ಭಟ್ಟರ ಕೆಲಸದ ಥರ, ಅದರಲ್ಲೂ ಪಾತ್ರೆ ತೊಳೆಯುವ ಭಾಗ. ದೊಡ್ಡ ಪಾತ್ರೆಯೊಳಗೆ ಬಟ್ಟೆಯ ಚೀಲ ಇಳಿಬಿಟ್ಟು, ಒಡೆದ ಮಾಲ್ಟನ್ನು ಅದರಲ್ಲಿ ಸುರಿಯುವ ವಿಧಾನ ಆಸ್ಟ್ರೇಲಿಯಾದ ಹವ್ಯಾಸಿಗಳಿಂದ ಬಂದದ್ದು. ಹೊಸಬರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ನೀರು 66 ಡಿಗ್ರಿ ಹತ್ತಿರ ಒಂದು ಗಂಟೆ ನಿಲ್ಲಬೇಕು. 75 ದಾಟಿದರೆ ಕಿಣ್ವಗಳು ಕೈಕೊಡುತ್ತವೆ, 60ಕ್ಕೆ ಇಳಿದರೆ ನಿಧಾನವಾಗುತ್ತವೆ. ಪಾತ್ರೆಗೆ ಹಳೇ ರಜಾಯಿ ಸುತ್ತಿ ಕೂತರೆ ಆಯಿತು. ಗಂಟೆಯ ಕೊನೆಗೆ ಒಂದು ಹನಿ ಬಾಯಿಗೆ ಹಾಕಿ ನೋಡಿ. ಹಿಟ್ಟಿನ ನೀರಾಗಿದ್ದದ್ದು ಕಾಕಂಬಿಯಷ್ಟು ಸಿಹಿ. ಇಷ್ಟು ವರ್ಷ ಬಿಯರ್ ಕುಡಿದರೂ ಅದರ ಹಿಂದೆ ಇಷ್ಟು ಸಿಹಿ ಇದೆ ಅಂತ ಗೊತ್ತಿರಲಿಲ್ಲ.

ಆಮೇಲೆ ಚೀಲ ಎತ್ತಿ ಹಿಂಡಿ, ಉಳಿದ ನೀರನ್ನು ಗ್ಯಾರೇಜ್ ಹೊರಗೆ ಗ್ಯಾಸ್ ಬರ್ನರ್ ಮೇಲೆ ಒಂದೂವರೆ ಗಂಟೆ ಕುದಿಸುವುದು. ಏಲ್‌ಗೆ ಒಂದು ಗಂಟೆ ಸಾಕು. ಪಿಲ್ಸ್‌ನರ್ ಮಾಲ್ಟ್ ಹೆಚ್ಚು ಹುರಿದದ್ದಲ್ಲವಾದ್ದರಿಂದ ಅದರಲ್ಲಿ ಒಂದು ಪದಾರ್ಥ ಉಳಿದಿರುತ್ತದೆ, ಬಿಸಿಯಾದಾಗ ಅದು ಒಡೆದು ಬೇಯಿಸಿದ ಮುಸುಕಿನ ಜೋಳದ ವಾಸನೆ ಕೊಡುತ್ತದೆ. ಡಿಎಂಎಸ್ ಅಂತಾರೆ. ಜೋರಾಗಿ ಕುದಿಸಿ ಆವಿಯಲ್ಲಿ ಓಡಿಸಬೇಕು. ಮುಚ್ಚಳ ಹಾಕಲೇಬಾರದು. ಮೈನಸ್ ಹತ್ತರ ಚಳಿಯಲ್ಲಿ ಪಾತ್ರೆ ಮೇಲೆ ಏಳುವ ಆವಿ ಬೀದಿಯ ಆ ತುದಿಗೂ ಕಾಣುತ್ತದೆ. ಪಕ್ಕದ ಮನೆಯ ಅಜ್ಜ ಹಾಲಿನ ಫಾರಂ ನಡೆಸಿ ನಿವೃತ್ತರಾದವರು, ಜರ್ಮನ್ ಮೂಲದವರು. ಬಂದು ಪಾತ್ರೆಯೊಳಗೆ ಇಣುಕಿ, ಮೂಸಿ, ಹಾಪ್ಸ್ ಪೊಟ್ಟಣ ಓದಿ, ಏನೂ ಹೇಳದೆ ಹೋದರು. ಇಲ್ಲಿಯವರ ಮಾತು ಅಷ್ಟೇ.

ಕುದಿ ನಿಲ್ಲಿಸಿದ ಮೇಲೆ ಬೇಗ ತಣಿಸಬೇಕು. ಸುತ್ತ ಅಡಿಗಟ್ಟಲೆ ಹಿಮ ಬಿದ್ದಿರುವಾಗ ಪಾತ್ರೆಯನ್ನು ಅದರೊಳಗೆ ಹೂತರೆ ಆಗಲಿಲ್ಲವೇ ಅನ್ನಿಸುತ್ತದೆ. ಆಗುವುದಿಲ್ಲ. ಪಾತ್ರೆಗೆ ತಾಗಿದ ಹಿಮ ಕರಗಿ, ಸುತ್ತ ಒಂದು ಗೂಡು ಬಿದ್ದು, ಒಳ್ಳೇ ಕಂಬಳಿ ಹೊದಿಸಿದಂತಾಗುತ್ತದೆ. ತಾಮ್ರದ ಸುರುಳಿ ಕೊಳವೆಯನ್ನು ಪಾತ್ರೆಯೊಳಗೆ ಇಳಿಸಿ ನಲ್ಲಿ ನೀರು ಹಾಯಿಸುವುದೇ ಸರಿ. ಗಡಸು ನೀರಿಗೂ ಇಲ್ಲೊಂದು ಉಪಯೋಗ ಸಿಕ್ಕಿತು. ತಣಿದದ್ದನ್ನು ಬಕೆಟ್‌ಗೆ ಸುರಿದು, ರಾತ್ರಿ ನೆಲಮಾಳಿಗೆಯ ಮೂಲೆಯಲ್ಲಿಟ್ಟರೆ ಬೆಳಗ್ಗೆ 10 ಡಿಗ್ರಿ. ಈ ಹಂತದಿಂದ ಮುಂದೆ ಬಿಯರ್‌ಗೆ ತಾಗುವ ಪ್ರತಿ ಚಮಚ, ಪ್ರತಿ ಕೊಳವೆಯನ್ನೂ ಸ್ಯಾನಿಟೈಸರ್‌ನಲ್ಲಿ ಅದ್ದಿಯೇ ಮುಟ್ಟಬೇಕು.

ಇನ್ನು ಯೀಸ್ಟ್. ನನ್ನನ್ನು ಈ ಹವ್ಯಾಸ ನಿಜವಾಗಿ ಹಿಡಿದುಕೊಂಡದ್ದು ಇಲ್ಲೇ.

ಏಲ್ ಯೀಸ್ಟ್ ಬ್ರೆಡ್ಡಿನ ಯೀಸ್ಟ್‌ನ ಜಾತಿಯದ್ದೇ. ಲಾಗರ್ ಯೀಸ್ಟ್ ಮಿಶ್ರತಳಿ. ಒಂದು ಕಡೆಯಿಂದ ಆ ಏಲ್ ಯೀಸ್ಟ್, ಇನ್ನೊಂದು ಕಡೆಯಿಂದ ಚಳಿ ತಡೆಯುವ ಯಾವುದೋ ಕಾಡು ಯೀಸ್ಟ್. ಆ ಇನ್ನೊಂದು ಕಡೆಯವರು ಯಾರು ಅಂತ ಬಹಳ ಕಾಲ ತಿಳಿದಿರಲಿಲ್ಲ. 2011ರಲ್ಲಿ ಅರ್ಜೆಂಟೀನಾದ ಪ್ಯಾಟಗೋನಿಯಾದ ಕಾಡಿನಲ್ಲಿ ಬೀಚ್ ಎಂಬ ಜಾತಿಯ ಮರಗಳ ಗಂಟುಗಳ ಮೇಲೆ ಅದು ಸಿಕ್ಕಿತು. ಸ್ಯಾಕರೊಮೈಸಿಸ್ ಯೂಬಯಾನಸ್ ಅಂತ ಹೆಸರಿಟ್ಟರು. ಕಂಡುಹಿಡಿದ ತಂಡದಲ್ಲಿ ಕ್ರಿಸ್ ಹಿಟಿಂಗರ್ ಇದ್ದರು, ನಮ್ಮ ಮ್ಯಾಡಿಸನ್‌ನ ವಿಶ್ವವಿದ್ಯಾಲಯದವರು. 2014ರಲ್ಲಿ ಅದೇ ಯೀಸ್ಟ್ ಟಿಬೆಟ್‌ನಲ್ಲಿ ಸಿಕ್ಕಿದ್ದು ವರದಿಯಾಯಿತು, ವಿಸ್ಕಾನ್ಸಿನ್‌ನ ಷೆಬಾಯ್ಗನ್ ಊರಿನ ಒಂದು ಪಾರ್ಕಿನಲ್ಲೂ ಸಿಕ್ಕಿತು. ಯೂರೋಪಿನಲ್ಲಿ ಮಾತ್ರ ಇಲ್ಲ! ಲಾಗರ್ ಹುಟ್ಟಿದ್ದು ಅಲ್ಲಿ, ಅಪ್ಪನೋ ಅಮ್ಮನೋ ಅಲ್ಲಿ ಇಲ್ಲ. ಕೊನೆಗೆ 2022ರಲ್ಲಿ ಡಬ್ಲಿನ್‌ನ ವಿಶ್ವವಿದ್ಯಾಲಯವೊಂದರ ಆವರಣದ ಮಣ್ಣಿನಲ್ಲಿ ಸಿಕ್ಕಿದೆ ಅಂತ ಪ್ರಕಟವಾಯಿತು.

ಈ ಬೆರಕೆ ತಳಿಯನ್ನು ಬೆಳೆಸಿದ್ದು ಚಳಿ. ಬೇಸಿಗೆಯಲ್ಲಿ ಮಾಡಿದ ಬಿಯರ್ ಹುಳಿಯಾಗಿ ಕೆಡುತ್ತದೆ ಅಂತ 1553ರಲ್ಲಿ ಬವೇರಿಯಾದ ಡ್ಯೂಕ್ ಐದನೇ ಆಲ್ಬ್ರೆಕ್ಟ್ ಒಂದು ಕಟ್ಟಳೆ ತಂದ. ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಕುದಿಸುವಂತಿಲ್ಲ. ಚಳಿಗಾಲದಲ್ಲಿ ಮಾಡಿ, ಗುಹೆಗಳಲ್ಲಿ ಮಂಜುಗಡ್ಡೆ ತುಂಬಿ ಕಾಪಾಡಿ, ಬೇಸಿಗೆಗೆ ಕುಡಿಯಬೇಕು. ಚಳಿಯಲ್ಲಿ ಕೆಲಸ ಮಾಡಬಲ್ಲ ಯೀಸ್ಟ್ ಮಾತ್ರ ಹಂಡೆಯಿಂದ ಹಂಡೆಗೆ ಉಳಿದುಕೊಂಡು ಬಂತು. ಆ ಜರ್ಮನ್ನರ ಮೊಮ್ಮಕ್ಕಳು 1840ರ ದಶಕದಲ್ಲಿ ಮಿಲ್ವಾಕಿಗೆ ಬಂದರು. ಇಲ್ಲಿಂದ ಕಾರಲ್ಲಿ ಒಂದೂವರೆ ಗಂಟೆ ದೂರ. ಪ್ಯಾಬ್ಸ್ಟ್, ಷ್ಲಿಟ್ಸ್, ಬ್ಲಾಟ್ಸ್, ಮಿಲ್ಲರ್ ಬ್ರೂವರಿಗಳೆಲ್ಲ ಅಲ್ಲೇ ಬೆಳೆದವು. ಚಳಿಗಾಲದಲ್ಲಿ ಕೆರೆಗಳ ಮೇಲಿನ ಮಂಜುಗಡ್ಡೆ ಕೊಯ್ದು ನೆಲಮಾಳಿಗೆಗಳಲ್ಲಿ ಪೇರಿಸಿಡುತ್ತಿದ್ದರು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಎಂಜಿನಿಯರ್ ತಂಪು ಮಾಡುವ ಯಂತ್ರ ಮಾಡಿಕೊಟ್ಟ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ, ಕಂಪನಿ ಅದನ್ನು ಗುಟ್ಟು ಮಾಡದೆ ಬೇರೆ ಬ್ರೂವರಿಗಳಿಗೂ ಕೊಟ್ಟಿತು. ಇವೆರಡೂ ಆಗದಿದ್ದರೆ ಬೆಂಗಳೂರಿನಂಥ ಊರಿನಲ್ಲಿ ಲಾಗರ್ ಮಾಡುವ ಮಾತೇ ಇರುತ್ತಿರಲಿಲ್ಲ. ಕಾಫಿ ಚಮಚದಷ್ಟು ಪುಡಿಯ ಪೊಟ್ಟಣಗಳನ್ನು ಕತ್ತರಿಸಿ ಬಕೆಟ್‌ಗೆ ಉದುರಿಸುವಾಗ ಇದೆಲ್ಲ ತಲೆಯಲ್ಲಿ ಓಡುತ್ತಿತ್ತು.

ನಮ್ಮ ಮನೆಯಲ್ಲಿ ಈಗ ಎರಡು ಹುದುಗು ಎರಡು ಕಡೆ. ಇಡ್ಲಿ ಹಿಟ್ಟು ಅವನ್‌ನೊಳಗೆ, ಒಳಗಿನ ದೀಪ ಹಾಕಿ, 30 ಡಿಗ್ರಿಯಲ್ಲಿ. ಚಳಿಗಾಲದಲ್ಲಿ ಇಲ್ಲಿನ ಕನ್ನಡಿಗರ ಮನೆಗಳಲ್ಲೆಲ್ಲ ಇದೇ ಉಪಾಯ. ಬಿಯರ್ ನೆಲಮಾಳಿಗೆಯ ಕಿಟಕಿ ಕೆಳಗೆ, ನೀರು ತುಂಬಿದ ಟಬ್‌ನಲ್ಲಿ. ಹುದುಗುವಾಗ ಬಕೆಟ್ ತಾನೇ ಬಿಸಿಯಾಗುತ್ತದೆ, ಸುತ್ತ ನೀರಿದ್ದರೆ ಏರಿಳಿತ ಕಡಿಮೆ. ಕಿಟಕಿಯನ್ನು ಬೆರಳಷ್ಟು ತೆರೆದು ಮುಚ್ಚಿ 10–11 ಡಿಗ್ರಿಗೆ ನಿಲ್ಲಿಸಬಹುದು. ಈಗಿನ ಕೆಲವು ಲಾಗರ್ ಯೀಸ್ಟ್‌ಗಳು 18 ಡಿಗ್ರಿಯಲ್ಲೂ ಚೊಕ್ಕವಾಗಿ ಕೆಲಸ ಮಾಡುತ್ತವೆ ಅನ್ನುವವರಿದ್ದಾರೆ. ಇರಬಹುದು. ಪುಕ್ಕಟೆ ಚಳಿ ಬಿಟ್ಟು ನಾನ್ಯಾಕೆ ಆ ಕಡೆ ಹೋಗಲಿ?

ಲಾಗರ್ ಯೀಸ್ಟ್ ಕೆಲಸ ಮಾಡುವಾಗ ಗಂಧಕದ ವಾಸನೆ ಬಿಡುತ್ತದೆ. ಕೊಳೆತ ಮೊಟ್ಟೆ ಅಂದರೂ ತಪ್ಪಲ್ಲ. "ರೀ, ಕೆಳಗೆ ಏನೋ ಸತ್ತಿದೆ, ನೋಡಿ" ಅಂದಳು ನನ್ನ ಹೆಂಡತಿ. ಇದು ಕೆಟ್ಟ ಲಕ್ಷಣವಲ್ಲ, ದಿನ ಕಳೆದಂತೆ ಹೋಗುತ್ತದೆ. ಆದರೆ ಅದನ್ನು ಮನೆಯವರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು. ಹಾಸನದಿಂದ ಅಮ್ಮನ ಫೋನೂ ಬಂತು. "ಏನೋ ಅದು, ಮನೇಲೇ ಭಟ್ಟಿ ಇಳಿಸ್ತಿದೀಯಂತೆ?" ಭಟ್ಟಿ ಇಳಿಸುವುದು ಬೇರೆ, ಅದಕ್ಕೆ ಇಲ್ಲೂ ಜೈಲು, ಇದು ಬರೀ ಹುದುಗಿಸುವುದು ಅಂತ ವಿವರಿಸಿದೆ. "ಎರಡೂ ಕುಡಿಯೋದೇ ತಾನೇ" ಅಂದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಹೈಡ್ರೋಮೀಟರ್ ದ್ರವದ ಸಾಂದ್ರತೆ ಅಳೆಯುತ್ತದೆ, ಸಕ್ಕರೆ ಮುಗಿಯುತ್ತ ಬಂದಂತೆ ಅಂಕಿ ಇಳಿಯುತ್ತದೆ. ಅದು 1.050ರಿಂದ ಶುರುವಾಗಿ 1.015ರ ಹತ್ತಿರ ಇಳಿದಾಗ ಒಂದು ಮುಖ್ಯ ಕೆಲಸ. ಯೀಸ್ಟ್ ಹುದುಗುವ ಹಾದಿಯಲ್ಲಿ ಡಯಾಸೆಟೈಲ್ ಎಂಬ ಬೆಣ್ಣೆ ವಾಸನೆಯ ಪದಾರ್ಥ ಉಳಿಸಿರುತ್ತದೆ. ಕೊನೆಗೆ ಅದೇ ಯೀಸ್ಟ್ ಅದನ್ನು ತಿಂದು ಮುಗಿಸುತ್ತದೆ, ಆದರೆ ಚಳಿಯಲ್ಲಿ ಸೋಮಾರಿಯಾಗುತ್ತದೆ. ಹಾಗಾಗಿ ಬಕೆಟನ್ನು ಮೇಲೆ ತಂದು ಎರಡು ಮೂರು ದಿನ 17 ಡಿಗ್ರಿ ಹತ್ತಿರ ಇಡಬೇಕು. ಮುಗಿಯಿತೋ ಇಲ್ಲವೋ ನೋಡಲು ಸುಲಭದ ಪರೀಕ್ಷೆಯಿದೆ. ಎರಡು ಲೋಟದಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ತೆಗೆದು ಮುಚ್ಚಿ, ಒಂದನ್ನು 60 ಡಿಗ್ರಿ ಬಿಸಿನೀರಲ್ಲಿ ಅರ್ಧ ಗಂಟೆ ಇಟ್ಟು, ತಣಿಸಿ, ಎರಡನ್ನೂ ಮೂಸಿ ನೋಡುವುದು. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ವಾಸನೆ ಬಂದರೆ ಇನ್ನೂ ಕಾಯಬೇಕು. ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ವಾಸನೆ ಗೊತ್ತಿದ್ದವರಿಗೆ ಇದು ಗೊತ್ತಾಗದೇ ಇರಲ್ಲ.

ಆಮೇಲೆ ಗ್ಯಾರೇಜು. ಸೊನ್ನೆಯಿಂದ ನಾಲ್ಕು ಡಿಗ್ರಿಯೊಳಗೆ, ಆರು ವಾರದಷ್ಟು. ಯೀಸ್ಟ್ ತಳಕ್ಕೆ ಕೂರುತ್ತದೆ, ಮಬ್ಬು ಇಳಿಯುತ್ತದೆ, ಗಂಧಕ ಹೋಗುತ್ತದೆ, ಕಹಿ ದುಂಡಗಾಗುತ್ತದೆ. 5% ಬಿಯರ್ ಮೈನಸ್ ಎರಡು ದಾಟಿದರೆ ಹೆಪ್ಪುಗಟ್ಟಲು ಶುರುವಾಗುತ್ತದೆ, ಆದ್ದರಿಂದ ಮನೆಗೆ ತಾಗಿದ ಗೋಡೆ ಪಕ್ಕ ಇಟ್ಟು, ರಾತ್ರಿ ಹವಾಮಾನ ನೋಡಿ ರಜಾಯಿ ಹೊದಿಸುವುದು. ಬಿಯರ್‌ಗೆ ಚಳಿಯಾಗುತ್ತದೆ ಅಂತ ರಾತ್ರಿ ಹತ್ತಕ್ಕೆ ಎದ್ದು ಹೋಗುವುದು ನೋಡುವವರಿಗೆ ತಮಾಷೆ.

ಕೆಲವರಿಗೆ ಈ ಕಾಯುವ ಕಾಲ ತಡೆಯುವುದಿಲ್ಲ. ನನಗೆ ಕುದಿಸುವ ದಿನಕ್ಕಿಂತ ಇದೇ ಹಿಡಿಸಿತು. ಮಾಡುವುದೇನೂ ಇಲ್ಲ, ಹವಾಮಾನ ನೋಡುವುದು ಬಿಟ್ಟರೆ. ಮೊದಲ ಬಾರಿಗೆ ಮಾರ್ಚ್ ಬೇಗ ಬರುವುದು ಬೇಡ ಅನ್ನಿಸಿತು. ಇಲ್ಲಿನ ಮೆಂಡೋಟಾ ಕೆರೆ ಯಾವಾಗ ಹೆಪ್ಪುಗಟ್ಟಿತು, ಯಾವಾಗ ಕರಗಿತು ಅಂತ 1850ರ ದಶಕದಿಂದ ದಾಖಲೆ ಇಟ್ಟಿದ್ದಾರೆ. ಮಂಜುಗಡ್ಡೆ ನಿಲ್ಲುವ ಕಾಲ ಕಡಿಮೆಯಾಗುತ್ತಲೇ ಬಂದಿದೆ. ಮುಂದೆ ಇಲ್ಲಿಯವರೂ ಲಾಗರ್‌ಗೆ ಫ್ರಿಜ್ ಕೊಳ್ಳಬೇಕಾಗಬಹುದು.

ಬಾಟಲಿ ತುಂಬುವುದು ಬೇಸರದ ಕೆಲಸ, ಜಾಸ್ತಿ ಹೇಳುವುದಿಲ್ಲ. 19 ಲೀಟರ್‌ಗೆ 115 ಗ್ರಾಂ ಹತ್ತಿರ ಸಕ್ಕರೆ ಕುದಿಸಿ ಬೆರೆಸಿದರೆ ಗ್ಯಾಸ್ ಬಾಟಲಿಯೊಳಗೇ ಹುಟ್ಟುತ್ತದೆ. ಅಳತೆ ಮೀರಿದರೆ ಬಾಟಲಿ ಸಿಡಿಯುತ್ತದೆ. ಬಾಟಲಿ ಕಂದು ಬಣ್ಣದ್ದೇ ಇರಲಿ, ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಒಡೆದು ನಾರುತ್ತದೆ. ಎರಡು ವಾರ ಮನೆಯ ಬಿಸಿಯಲ್ಲಿ, ಆಮೇಲೆ ಫ್ರಿಜ್‌ಗೆ.

ರುಚಿ? ಕಿಂಗ್‌ಫಿಷರ್ ಥರ ಅಲ್ಲ. ಕಹಿ ಜಾಸ್ತಿ, ಮಾಲ್ಟಿನ ರುಚಿಯೂ ಜಾಸ್ತಿ. ಬಾಯಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತದೆ. ಅಂಗಡಿಯ ಬಿಯರ್‌ನಷ್ಟು ಕನ್ನಡಿಯಂತೆ ತಿಳಿಯಾಗಿಲ್ಲ, ಬಗ್ಗಿಸುವಾಗ ತಳದ ಯೀಸ್ಟ್ ಬಾಟಲಿಯಲ್ಲೇ ಬಿಡಬೇಕು. ಇದನ್ನು ಕುಡಿದ ಮೇಲೆ ಅಗ್ಗದ ಕ್ಯಾನ್ ಬಿಯರ್ ಬಗ್ಗೆ ನನಗೆ ಮರ್ಯಾದೆ ಹೆಚ್ಚಾಗಿದೆ. ರುಚಿ ಪೇಲವ ಅಂತ ಅದನ್ನು ಆಡಿಕೊಳ್ಳುವವರು, ಲಕ್ಷಾಂತರ ಕ್ಯಾನ್‌ಗಳಲ್ಲಿ ಒಂದರಲ್ಲೂ ಬೆಣ್ಣೆ, ಜೋಳ, ಮೊಟ್ಟೆಯ ವಾಸನೆ ಇಲ್ಲದ ಹಾಗೆ ಮಾಡುವುದು ಎಷ್ಟು ಕಷ್ಟ ಅಂತ ಒಮ್ಮೆ ಬಕೆಟ್ ಇಟ್ಟು ನೋಡಬೇಕು.

ಪಕ್ಕದ ಮನೆಯ ಅಜ್ಜನಿಗೆ ಎರಡು ಬಾಟಲಿ ಕೊಟ್ಟಿದ್ದೆ. ಖಾಲಿ ಬಾಟಲಿ ತೊಳೆದು ವಾಪಸ್ ತಂದರು. ಹೇಗಿತ್ತು ಅಂದೆ. "ಬಿಯರ್ ಥರಾನೇ ಇತ್ತು" ಅಂದರು. ಪೇಲ್ ಲಾಗರ್‌ಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಕಿಲ್ಲ.

ಈಗ ನೆಲಮಾಳಿಗೆ 17 ಡಿಗ್ರಿ ದಾಟಿದೆ. ಹಳೇ ಫ್ರಿಜ್‌ಗೆ ಕಂಟ್ರೋಲರ್ ಹಾಕಿ ಬೇಸಿಗೆಯಲ್ಲೂ ಮಾಡಬಹುದು ಅಂತ ಗೆಳೆಯರ ಒತ್ತಾಯ. ಸದ್ಯಕ್ಕೆ ಆಲ್ಬ್ರೆಕ್ಟ್ ಡ್ಯೂಕನ ಕಟ್ಟಳೆಯನ್ನೇ ಪಾಲಿಸುವುದು ಅಂತಿದ್ದೇನೆ. ನವೆಂಬರ್‌ನಲ್ಲಿ ಮ್ಯೂನಿಕ್ ಕಡೆಯ ಕಂದು ಲಾಗರ್, ಡುಂಕೆಲ್, ಮಾಡಬೇಕು. ಮ್ಯೂನಿಕ್ ನೀರೂ ನಮ್ಮದರ ಹಾಗೆ ಗಡಸು, ಕಂದು ಮಾಲ್ಟಿಗೆ ಅದೇ ಹೊಂದುತ್ತದೆ. ಸೂಪರ್‌ಮಾರ್ಕೆಟ್‌ನಿಂದ ನೀರು ಹೊರುವ ಕೆಲಸವಾದರೂ ತಪ್ಪುತ್ತದೆ.